ಮೊದಲ ದಿನವೇ ಕೊಲ್ಹಾಪುರ ಮುಟ್ಟಬೇಕಾ?

ನೀವು ಕೇಳಿದ್ದು ಇಷ್ಟು: ಅಪ್ಪ, ಅಮ್ಮ, ಹೆಂಡತಿ, ಆರು ವರ್ಷದ ಮಗಳನ್ನು ಕರೆದುಕೊಂಡು ಬೆಂಗಳೂರಿಂದ ಕಾರಲ್ಲಿ ಪುಣೆ, ಎಲ್ಲೋರ, ಶಿರಡಿ ಸುತ್ತಿ ಬರಬೇಕು. ಅಪ್ಪನಿಗೆ ಶುಗರ್, ಅಮ್ಮನಿಗೆ ಮಂಡಿ ನೋವು. ಮೊದಲ ದಿನವೇ ಕೊಲ್ಹಾಪುರ ಮುಟ್ಟಬಹುದಾ?

ಮುಟ್ಟಬಹುದು. ಆದರೆ ಬೇಡ. ಧಾರವಾಡದಲ್ಲಿ ಉಳಿದುಕೊಳ್ಳಿ.

ನಾದಿನಿ ಪುಣೆಯಲ್ಲಿರುವುದರಿಂದ ಈ ದಾರಿ ನಮಗೆ ಚೆನ್ನಾಗಿ ಪರಿಚಯ. ನಾನೂ ನಮ್ಮೆಜಮಾನರೂ ಸರದಿ ಮೇಲೆ ಓಡಿಸುತ್ತೇವೆ. ಹಿಂದೆ ಅತ್ತೆ, ಮಾವ, ಮಗ. ಕೊಲ್ಹಾಪುರ ಸುಮಾರು 610 ಕಿ.ಮೀ. ಮೊಬೈಲ್ ಮ್ಯಾಪ್ ತೋರಿಸುವ ಗಂಟೆಯಲ್ಲಿ ಕಾಫಿ ಇಲ್ಲ, ಬಾತ್‌ರೂಮ್ ಇಲ್ಲ, ವಾಂತಿ ಇಲ್ಲ. ಮನೆಮಂದಿಯೆಲ್ಲ ಹೊರಟಾಗ ಅದಕ್ಕೆ ಮೂರು ಗಂಟೆ ಆರಾಮಾಗಿ ಸೇರಿಸಿ. ಅಂದರೆ ನಿಪ್ಪಾಣಿ ಹತ್ತಿರ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. ಬೆಳಗಾವಿಯಿಂದ ಕೊಲ್ಹಾಪುರದವರೆಗೆ ಕಬ್ಬಿನ ಸೀಮೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾರ್ಖಾನೆ ನಡೆಯುವಾಗ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿಯೆಲ್ಲ ಓಡಾಡುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದಿನ ಲೈಟೇ ಇರುವುದಿಲ್ಲ. ಕಬ್ಬಿನ ತುದಿಗಳು ಎರಡೂ ಕಡೆ ಹೊರಗೆ ಚಾಚಿರುತ್ತವೆ. ಹತ್ತಿರ ಹೋಗುವವರೆಗೂ ಮುಂದೆ ಏನಿದೆ ಅಂತ ಕಾಣುವುದಿಲ್ಲ. ಬೆಳಗಿನಿಂದ ಸ್ಟೇರಿಂಗ್ ಹಿಡಿದು ದಣಿದ ಕಣ್ಣಿಗೆ ಇದು ಬೇಕಾ?

ಧಾರವಾಡ 430 ಕಿ.ಮೀ. ಹೆಚ್ಚುಕಮ್ಮಿ ಪುಣೆಗೆ ಅರ್ಧ ದಾರಿ.

ಬೆಳಗ್ಗೆ ಐದೂವರೆಗೆ ಮನೆ ಬಿಟ್ಟರೆ ಪೀಣ್ಯದ ಟ್ರಾಫಿಕ್ ಶುರುವಾಗುವ ಮುಂಚೆ ನೆಲಮಂಗಲ ದಾಟಬಹುದು. ಹಿರಿಯರನ್ನು ಅಷ್ಟು ಬೇಗ ಹೊರಡಿಸುವುದಕ್ಕೆ ನಾನು ಸೋಮವಾರ ಆರಿಸಿಕೊಳ್ಳುತ್ತೇನೆ. ಏಳೂವರೆಗೆ ರಾಹುಕಾಲ, ಹಾಗಾಗಿ ಅತ್ತೆಯೇ ಎಲ್ಲರನ್ನೂ ಎಬ್ಬಿಸುತ್ತಾರೆ! ದೀಪ ಹಚ್ಚಿ, ಎಲ್ಲರ ಕೈಗೂ ಮೊಸರು ಸಕ್ಕರೆ ಹಾಕಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾದ ಮೇಲೆ ನಾನೊಂದು ಕೆಲಸ ಮಾಡುತ್ತೇನೆ. ಗ್ಯಾಸ್ ರೆಗ್ಯುಲೇಟರ್, ಗೀಸರ್ ಸ್ವಿಚ್, ಬಾಗಿಲ ಬೀಗ, ಮೂರರ ಫೋಟೊ. ದಾಬಸ್‌ಪೇಟೆ ಬರುವಷ್ಟರಲ್ಲಿ "ಗ್ಯಾಸ್ ಆಫ್ ಮಾಡಿದ್ಯೇನೇ?" ಅಂತ ಪ್ರಶ್ನೆ ಬಂದೇ ಬರುತ್ತದೆ. ಸುಮ್ನೆ ಫೋನ್ ಹಿಂದಕ್ಕೆ ಕೊಟ್ಟರೆ ಆಯ್ತು.

ಶುಗರ್ ಇರುವವರನ್ನು ದಾವಣಗೆರೆ ಬೆಣ್ಣೆ ದೋಸೆಗೋಸ್ಕರ ಹತ್ತು ಗಂಟೆವರೆಗೆ ಕಾಯಿಸಬೇಡಿ. ಶಿರಾ ಸುತ್ತಮುತ್ತ ಇಡ್ಲಿ ತಿನ್ನಿಸಿ, ಮಾತ್ರೆ ಕೊಡಿ. ಮಾತ್ರೆ ಡಬ್ಬಿ ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗುವ ಹಾಗಿರಲಿ. ಚಿತ್ರದುರ್ಗದ ಹತ್ತಿರ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವೆ, ಮಗಳಿಗೆ ಎಣಿಸಲು ಹೇಳಿ. ಕೋಟೆ ಹತ್ತಿಸುವ ಆಸೆ ಬೇಡ, ಅಮ್ಮನ ಮಂಡಿ ಅಲ್ಲೇ ಮುಗಿಯುತ್ತದೆ. ದಾವಣಗೆರೆಯಲ್ಲಿ ಹೈವೇ ಬಿಟ್ಟು ಊರೊಳಗೆ ಹೋಗಿ. ಸೌದೆ ಒಲೆಯ ಕಾವಲಿ, ಮೇಲೆ ಬಿಳಿ ಬೆಣ್ಣೆ, ಜೊತೆಗೆ ಅರಿಶಿನ ಹಾಕದ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿಚಟ್ನಿ. ಒಂದು ಗಂಟೆ ಹೋಗುತ್ತದೆ, ಹೋಗಲಿ. ಧಾರವಾಡಕ್ಕೇ ನಿಲ್ಲುವವರಿಗೆ ಆ ಒಂದು ಗಂಟೆ ಭಾರವಲ್ಲ.

ಹರಿಹರದಲ್ಲಿ ತುಂಗಭದ್ರೆ ದಾಟಿದ ಮೇಲೆ ಊಟ ಬದಲಾಗುತ್ತದೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. "ಇನ್ನೊಂದ್ ರೊಟ್ಟಿ ತಗೋರಿ" ಅಂತ ಬಡಿಸುವವರು ತಟ್ಟೆ ಹತ್ತಿರವೇ ನಿಂತಿರುತ್ತಾರೆ. ಹಿಂದೆ ಕೂತವರು ಧಾರಾಳವಾಗಿ ತಿನ್ನಲಿ, ಡ್ರೈವರ್ ಮಾತ್ರ ಒಂದಕ್ಕೇ ನಿಲ್ಲಿಸಬೇಕು. ಹಾವೇರಿಯಿಂದ ಹುಬ್ಬಳ್ಳಿವರೆಗೆ ನೇರ ರಸ್ತೆ, ಮಧ್ಯಾಹ್ನದ ಬಿಸಿಲು, ಎಲ್ಲರೂ ಗೊರಕೆ. ಇಡೀ ದಾರಿಯಲ್ಲಿ ನಿದ್ದೆ ಎಳೆಯುವ ಜಾಗ ಅದು. ನಾವು ಅಲ್ಲೇ ಸ್ಟೇರಿಂಗ್ ಬದಲಾಯಿಸಿಕೊಳ್ಳುತ್ತೇವೆ. ನೀವೊಬ್ಬರೇ ಓಡಿಸುವುದಾದರೆ ಅರ್ಧ ಗಂಟೆ ಸೀಟ್ ಒರಗಿಸಿ ಮಲಗಿಬಿಡಿ.

ಟೋಲ್ ಬಗ್ಗೆಯೂ ಒಂದು ಮಾತು. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಶುರುವಾದಾಗ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಟ್ರಿಪ್ (ಒಂದು ಟೋಲ್ ದಾಟಿದರೆ ಒಂದು ಟ್ರಿಪ್), ಯಾವುದು ಮೊದಲೋ ಅದು. ರಾಜ್ಯ ಹೆದ್ದಾರಿ ಟೋಲ್‌ಗಳಲ್ಲಿ ಅದು ನಡೆಯುವುದಿಲ್ಲ, ಹಾಗಾಗಿ ಟ್ಯಾಗ್‌ನಲ್ಲಿ ದುಡ್ಡೂ ಇರಲಿ.

ನಾಲ್ಕೂವರೆ ಐದಕ್ಕೆ ಧಾರವಾಡದಲ್ಲಿರುತ್ತೀರಿ. ಕೆಳಗಿನ ಮಹಡಿಯ ರೂಮ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ, ಲಿಫ್ಟ್ ನಂಬಬೇಡಿ. ಹಿರಿಯರು ಕಾಲು ಚಾಚಿ ಮಲಗಲಿ. ನೀವು ಮಗಳನ್ನು ಕರೆದುಕೊಂಡು ಲೈನ್ ಬಜಾರ್‌ಗೆ ಹೋಗಿ ಪೇಡಾ ತನ್ನಿ. ಅಪ್ಪನ ಕಣ್ಣಿಗೆ ಬೀಳದ ಹಾಗೆ!

ಮರುದಿನ ಬೇಗ ಹೊರಟರೆ ದಾರಿಯಲ್ಲೇ ಕಿತ್ತೂರು. 1824ರಲ್ಲಿ ಚೆನ್ನಮ್ಮ ಬ್ರಿಟಿಷರನ್ನು ಎದುರಿಸಿದ ಕೋಟೆ, ಮಗಳಿಗೆ ತೋರಿಸಬಹುದು. ಕಬ್ಬಿನ ಟ್ರ್ಯಾಕ್ಟರ್‌ಗಳನ್ನು ಹಗಲು ಬೆಳಕಲ್ಲೇ ದಾಟಿ ಕೊಲ್ಹಾಪುರದಲ್ಲಿ ಊಟ. ಒಂದೇ ತೊಡಕು: ಸೋಮವಾರ ಹೊರಟರೆ ಅಲ್ಲಿಗೆ ಮಂಗಳವಾರ ಮುಟ್ಟುತ್ತೀರಿ. ಮಹಾಲಕ್ಷ್ಮಿ ದೇವಸ್ಥಾನದಲ್ಲಿ ಮಂಗಳವಾರ, ಶುಕ್ರವಾರ ರಶ್ ಜಾಸ್ತಿ. ಅಮ್ಮನಿಗೆ ಕ್ಯೂನಲ್ಲಿ ನಿಲ್ಲುವುದು ಕಷ್ಟ ಅಲ್ವಾ? ದರ್ಶನ ವಾಪಸ್ ಬರುವಾಗ ಇಟ್ಟುಕೊಳ್ಳಿ.