ಬೋರ್‌ವೆಲ್ ನೀರಿನ ಕಲೆ ಹೋಗುತ್ತಾ?

ಪ್ರಶ್ನೆ: ನಮ್ಮದು ಕಪ್ಪು ಕಾರು. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲಿ ಬಿಟ್ಟೆ, ಬಾನೆಟ್ ತುಂಬಾ ಬಿಳಿ ಚುಕ್ಕೆ. ಜೇಡರ ಬಲೆಯಂಥ ಗೀರುಗಳೂ ಇವೆ. ಮಷಿನ್ ಇಲ್ಲದೆ ತೆಗೆಯಬಹುದಾ?
– ಓದುಗರೊಬ್ಬರು, ಕೋಲಾರ

ಉತ್ತರ: ಚುಕ್ಕೆ ಬೇರೆ, ಗೀರು ಬೇರೆ. ಚುಕ್ಕೆ ಅಂದರೆ ನೀರು ಆರಿದ ಮೇಲೆ ಉಳಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ಗೀಸರ್ ಕಾಯಿಲ್ ಮೇಲೆ ಕೂರುತ್ತಲ್ಲ, ಅದೇ ಬಿಳಿ ಪದರ. ಮೊದಲು ಧೂಳು ತೊಳೆಯಿರಿ. ಬಿಳಿ ವಿನೆಗರ್‌ಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ (ಬ್ಯಾಟರಿಗೆ ಹಾಕುವುದೇ ಸಾಕು), ಮೈಕ್ರೋಫೈಬರ್ ಬಟ್ಟೆ ಅದ್ದಿ ಚುಕ್ಕೆ ಮೇಲೆ ಒಂದು ನಿಮಿಷ ಇಡಿ. ಬಾನೆಟ್ ತಣ್ಣಗಿರಬೇಕು, ಕಾರು ನೆರಳಲ್ಲಿರಬೇಕು. ಆರಲು ಬಿಡದೆ ತೊಳೆದು ಒರೆಸಿ. ಉಗುರಲ್ಲಿ ಕೆರೆಯಬೇಡಿ. ತುಂಬಾ ದಿನ ಬಿಟ್ಟಿದ್ದರೆ ಚುಕ್ಕೆ ಬಣ್ಣದೊಳಗೇ ಕೊರೆದಿರುತ್ತದೆ, ಆಗ ವಿನೆಗರ್ ಸಾಲದು.

ಗೀರು ಇರುವುದು ಕ್ಲಿಯರ್ ಕೋಟ್‌ನಲ್ಲಿ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲಿ. ಅದರ ದಪ್ಪ ಸುಮಾರು 40–50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಅಷ್ಟೇ, ಹಾಗಾಗಿ ಜಾಸ್ತಿ ಉಜ್ಜುವಂತಿಲ್ಲ. ಫೋಮ್ ಪ್ಯಾಡಿಗೆ ನಾಲ್ಕು ಹನಿ ಫೈನ್ ಪಾಲಿಷ್ ಹಾಕಿ, ಒಂದೊಂದು ಅಡಿ ಜಾಗ ಹಿಡಿದು ತಿಕ್ಕಿ. ಸಣ್ಣವು ಮಾಯವಾಗುತ್ತವೆ, ಉಗುರಿಗೆ ತಾಗುವಂಥವು ಕೈಗೆ ಬಗ್ಗಲ್ಲ. ನಾನೂ ಹಳೇ ಬನಿಯನ್‌ನಲ್ಲಿ ವರ್ಷಗಟ್ಟಲೆ ಒಣ ಧೂಳು ಒರೆಸಿ ಇದೇ ಬಲೆ ಹೆಣೆದವನು! ನಿಮ್ಮ ಡಿಕ್ಕಿಯಲ್ಲೂ ಅಂಥದ್ದೊಂದು ಬನಿಯನ್ ಇದೆ, ಅಲ್ವಾ?