ಅಪ್ಪನ ಡೈರಿಯನ್ನು ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ಅಪ್ಪ ತೀರಿಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ. ತಿಥಿ ಮುಗಿದ ಮೇಲೆ ಬರುವ ಭಾನುವಾರ ಊರಿನವರು ಸಮುದಾಯ ಭವನದಲ್ಲಿ ನುಡಿನಮನ ಇಟ್ಟುಕೊಂಡಿದ್ದಾರೆ. ಅಪ್ಪ ಲೈನ್‌ಮನ್ ಆಗಿದ್ದರು. ಡ್ಯೂಟಿ ಬಿಟ್ಟರೆ ಅವರಿಗೆ ಇದ್ದದ್ದು ರಕ್ತದಾನದ ಕೆಲಸ ಒಂದೇ. ಸುತ್ತಮುತ್ತ ಯಾರಿಗೆ ರಕ್ತ ಬೇಕಾದರೂ ಫೋನ್ ಬರುತ್ತಿದ್ದದ್ದು ನಮ್ಮ ಮನೆಗೇ. ಒಂದು ಡೈರಿ ಇಟ್ಟಿದ್ದರು. ರಕ್ತ ಕೊಡುವವರ ಹೆಸರು, ಗುಂಪು, ಕೊನೇ ಸಲ ಕೊಟ್ಟ ತಾರೀಖು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಗುರುವಾರ ಉಪವಾಸ, ಕರೆಯಬಾರದು', 'ಹೆಂಡತಿಗೆ ಭಯ, ಮೊದಲು ಅವರಿಗೆ ಹೇಳಬೇಕು' ಅಂತೆಲ್ಲ ಬರೆದಿದ್ದಾರೆ. ಮಗಳಾಗಿ ನಾನು ಎರಡು ಮಾತಾಡಬೇಕಂತೆ. ಬರೆಯೋಕೆ ಕೂತರೆ 'ಆದರ್ಶ ತಂದೆ, ಸಮಾಜಸೇವಕ' ಅಂತ ಎರಡು ಸಾಲು ಬಂದು ಪೆನ್ನು ನಿಂತುಬಿಡುತ್ತದೆ. ಇನ್ನೊಂದು ವಿಷಯ ಹೇಳೋಕೆ ಮುಜುಗರ. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಅಪ್ಪ ಮನೆಯಲ್ಲಿರಲಿಲ್ಲ. ಯಾರಿಗೋ ರಕ್ತ ಹೊಂದಿಸೋಕೆ ತುಮಕೂರಿಗೆ ಹೋಗಿದ್ದರು. ಆ ಸಿಟ್ಟು ಇವತ್ತಿಗೂ ಇದೆ. ಅಂಥವಳು ಮೈಕ್ ಮುಂದೆ ನಿಂತು ಹೊಗಳಿದರೆ ಸುಳ್ಳು ಹೇಳಿದಂತೆ ಆಗಲ್ವಾ?
– ಹೆಸರು ಬೇಡ, ಗುಬ್ಬಿ ತಾಲ್ಲೂಕು

ಉತ್ತರ: ಆಗಲ್ಲ ತಂಗೀ. ಸಿಟ್ಟು ಇದೆ ಅಂದರೆ ಅಪ್ಪ ಬೇಕಾಗಿತ್ತು ಅಂತ ತಾನೇ? ಅದನ್ನು ಮುಚ್ಚಿಟ್ಟುಕೊಂಡು ಭಾಷಣ ಬರೆಯೋಕೆ ಹೋಗಬೇಡ, ಅದಕ್ಕೇ ಪೆನ್ನು ನಿಲ್ಲುತ್ತಿರುವುದು.

ಮೊದಲು ಒಂದು ಕೆಲಸ ಮಾಡು. ಒಂದು ಸಂಜೆ ಅಮ್ಮನ ಪಕ್ಕ ಕೂತು, ರಿಸಲ್ಟ್ ದಿನ ರಾತ್ರಿ ಅಪ್ಪ ಎಷ್ಟು ಹೊತ್ತಿಗೆ ಬಂದರು, ಏನಂದರು, ಊಟ ಮಾಡಿದರಾ ಅಂತ ಕೇಳು. ನಮ್ಮ ಮಾವನವರೂ ಇಂಥವರೇ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಚಟ್ಟ ಕಟ್ಟುತ್ತಿದ್ದರು. ಸ್ಮಶಾನದಿಂದ ಬರುವಾಗ ಮಧ್ಯರಾತ್ರಿ ಆಗಿರುತ್ತಿತ್ತಂತೆ. ನೀರು ಕಾಯಿಸಿದರೆ ಸದ್ದಿಗೆ ಮಕ್ಕಳು ಏಳುತ್ತಾರೆ ಅಂತ ಹಿತ್ತಲಲ್ಲಿ ತಣ್ಣೀರನ್ನೇ ಸುರಿದುಕೊಂಡು, ಒದ್ದೆ ತಲೆಯಲ್ಲೇ ಒಳಗೆ ಬಂದು, ಐದು ಮಕ್ಕಳಲ್ಲಿ ಯಾರ ಹೊದಿಕೆ ಸರಿದಿದೆಯೋ ಅವರಿಗೆ ಹೊದಿಸಿ ಆಮೇಲೆ ಮಲಗುತ್ತಿದ್ದರಂತೆ. ಮಕ್ಕಳೆಲ್ಲ ಗಾಢ ನಿದ್ದೆಯಲ್ಲಿ, ಒಬ್ಬರಿಗೂ ಗೊತ್ತಿಲ್ಲ. ಅತ್ತೆ ಇದನ್ನು ಹೇಳಿದ್ದು ಮಾವನವರು ಹೋದ ಮೇಲೆ. 'ಅಪ್ಪ ಮನೆ ಕಡೆ ನೋಡಲೇ ಇಲ್ಲ' ಅಂತಿದ್ದ ನನ್ನ ಗಂಡ, ಐವತ್ತು ದಾಟಿದ ಮನುಷ್ಯ, ಎದ್ದು ಹಿತ್ತಲಿಗೆ ಹೋಗಿ ತುಂಬಾ ಹೊತ್ತು ಒಬ್ಬನೇ ಕೂತಿದ್ದ. ನಿಮ್ಮಮ್ಮನ ಹತ್ತಿರವೂ ಇಂಥದ್ದೊಂದು ಇರಬಹುದು. ಇಲ್ಲದೇ ಇರಲೂಬಹುದು. ಆಗಲೂ ಪರವಾಗಿಲ್ಲ, ಕೇಳಿ ನೋಡು.

ಇನ್ನು ಮಾತಾಡುವ ವಿಷಯ. ಮಂಡ್ಯ ಜಿಲ್ಲೆಯ ದಾಸನದೊಡ್ಡಿಯ ಕೆರೆ ಕಾಮೇಗೌಡರು ಗೊತ್ತಲ್ಲ, ಮಳವಳ್ಳಿ ತಾಲ್ಲೂಕಿನವರು, 2022ರ ಅಕ್ಟೋಬರ್‌ನಲ್ಲಿ ಹೋದರು. ಅವರನ್ನು 'ಪರಿಸರಪ್ರೇಮಿ' ಅಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಬೆಟ್ಟದಲ್ಲಿ ಕುರಿ ಮೇಯಿಸುವಾಗ ಪ್ರಾಣಿ ಪಕ್ಷಿಗೆ ಕುಡಿಯೋಕೆ ನೀರಿಲ್ಲ ಅಂತ ಮರುಗಿ, ಕುರಿ ಮಾರಿ ಗುದ್ದಲಿ ಹಾರೆ ತಂದು, ವರ್ಷಗಟ್ಟಲೆ ಅಗೆದು 10ಕ್ಕೂ ಜಾಸ್ತಿ ಕಟ್ಟೆ ಮಾಡಿದರು ಅಂದರೆ ಮನುಷ್ಯ ಎದುರಿಗೇ ಬಂದು ನಿಲ್ಲುತ್ತಾರೆ. ಆ ಕುರಿಗಳು ಮನೆಯ ಬದುಕು ಅನ್ನೋದನ್ನೂ ಯೋಚನೆ ಮಾಡು. ಕಟ್ಟೆಯಲ್ಲಿ ನಿಂತ ನೀರಿನಲ್ಲಿ ಮನೆಯವರ ಪಾಲೂ ಇದೆ. ನಿಮ್ಮಪ್ಪನ ಕೆಲಸದಲ್ಲಿ ನಿನ್ನ ರಿಸಲ್ಟ್ ದಿನ ಇದೆ. ಅದನ್ನು ಸಭೆಯಲ್ಲಿ ಹೇಳಬಾರದು ಅಂತ ಏನಿದೆ? 'ಆ ದಿನ ಅಪ್ಪ ಮನೆಯಲ್ಲಿರಲಿಲ್ಲ, ನಾನು ಅತ್ತಿದ್ದೆ' ಅಂತಲೇ ಶುರು ಮಾಡು.

ರಿಸಲ್ಟ್ ಬರುವುದು ಬೇಸಿಗೆಯಲ್ಲಿ ಅಲ್ವಾ? ಆಗ ಕಾಲೇಜುಗಳಿಗೆ ರಜೆ. ಶಿಬಿರಗಳು ಕಡಿಮೆ. ರಕ್ತನಿಧಿಗಳಲ್ಲಿ ಕೊರತೆ ಬೀಳುವುದು ಆ ದಿನಗಳಲ್ಲೇ. ತೆಗೆದ ರಕ್ತವನ್ನು ಸುಮ್ನೆ ಕೂಡಿಡೋಕೂ ಆಗಲ್ಲ. ಕೆಂಪು ಕಣ ಇರುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಬರೀ 5 ದಿನ. ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡೋಕೆ 3 ತಿಂಗಳು ಕಾಯಬೇಕು, ಹೆಂಗಸು 4 ತಿಂಗಳು. ಅಪ್ಪ ತಾರೀಖು ಬರೆದಿಟ್ಟದ್ದು ಇದಕ್ಕೇ. ಯಾರ ಸರದಿ ಬಂದಿದೆ, ಯಾರನ್ನು ಇವತ್ತು ಎಬ್ಬಿಸಬಹುದು ಅನ್ನುವ ಲೆಕ್ಕ ಅದು. ಇದೆಲ್ಲ ಗೊತ್ತಿದ್ದೂ ಸಿಟ್ಟು ಉಳಿದರೆ ಉಳಿಯಲಿ. ಆದರೆ ಅವರು ಆ ದಿನ ಬೇಕಂತಲೇ ಹೋದರು ಅನ್ನುವ ಅನುಮಾನ ಇದ್ದರೆ ಅದನ್ನು ಬಿಟ್ಟುಬಿಡು.

'ಗುರುವಾರ ಉಪವಾಸ, ಕರೆಯಬಾರದು' – ಈ ಒಂದು ಸಾಲು ಸಭೆಯಲ್ಲಿ ಓದು. ಕೊಡುವವನ ಹಸಿವನ್ನೂ ನೆನಪಿಟ್ಟುಕೊಂಡ ಮನುಷ್ಯ ಎಂಥವನು ಅಂತ ಯಾರೂ ವಿವರಿಸಬೇಕಾಗಿಲ್ಲ. ಹೆಸರು ಮಾತ್ರ ಓದಬೇಡ, ಅವರ ಒಪ್ಪಿಗೆ ಇಲ್ಲದೆ ಸರಿಯಲ್ಲ.

ಡೈರಿ ಶೋಕೇಸಿಗೆ ಹೋಗಬಾರದು. ಊರಿನ ಇಬ್ಬರು ಹುಡುಗರನ್ನು, ಒಬ್ಬ ಹುಡುಗಿಯನ್ನು ಜೊತೆಗೆ ಸೇರಿಸಿಕೊ. ಒಂದೊಂದು ನಂಬರಿಗೂ ಫೋನ್ ಮಾಡಿ. 'ನಾನು ಇಂಥವರ ಮಗಳು, ನಿಮ್ಮ ಹೆಸರು ಪಟ್ಟಿಯಲ್ಲಿ ಇರಲಾ?' ಅಂತ ಕೇಳಿ. 65 ದಾಟಿದವರನ್ನು ಬಿಡಿ, ಅವರ ಮಕ್ಕಳಲ್ಲಿ 18 ತುಂಬಿ 45 ಕೆಜಿಗೆ ಕಡಿಮೆ ಇಲ್ಲದವರು ಇದ್ದಾರಾ ಅಂತ ವಿಚಾರಿಸಿ. ಕೆಲವರು ತೀರಿಕೊಂಡಿರುತ್ತಾರೆ. ಕೆಲವರು ಅರ್ಧ ಗಂಟೆ ಅಪ್ಪನ ಬಗ್ಗೆ ಮಾತಾಡುತ್ತಾರೆ, ಕೇಳಿಸಿಕೊ. ನಿನಗೆ ಬೇಕಾಗಿದ್ದ ಅಪ್ಪನನ್ನು ಅವರು ಸ್ವಲ್ಪ ಸ್ವಲ್ಪ ವಾಪಸ್ ಕೊಡುತ್ತಾರೆ. ನೆನಪಿಗೆ ಶಿಬಿರ ಮಾಡುವುದಾದರೆ ಬೇಸಿಗೆಯಲ್ಲೇ ಮಾಡಿ.

ಪ್ರಶ್ನೆ: ನಮ್ಮ ಯಜಮಾನರು ಗಣೇಶನ ಸಮಿತಿ, ಶಾಲೆ ಸಮಿತಿ, ಊರಿನ ಎಲ್ಲದರಲ್ಲೂ ಮುಂದೆ ಇರುತ್ತಿದ್ದರು. ನೇತ್ರದಾನಕ್ಕೆ ಫಾರಂ ತುಂಬಿದ್ದರು. ಅವರು ಹೋದ ದಿನ ಗಾಬರಿಯಲ್ಲಿ ನಮಗೆ ನೆನಪೇ ಆಗಲಿಲ್ಲ. ಅವರ ಆಸೆ ನಡೆಸಲಿಲ್ಲ ಅಂತ ನಿದ್ದೆ ಬರಲ್ಲ.
– ಒಬ್ಬ ಓದುಗರು, ಹಾಸನ

ಉತ್ತರ: ಅಮ್ಮಾ, ನಿಮ್ಮದು ತಪ್ಪಲ್ಲ. ಕಣ್ಣು ತೆಗೆದುಕೊಳ್ಳೋಕೆ ಇರುವುದು 6 ಗಂಟೆ. ಆ ಹೊತ್ತಿನಲ್ಲಿ ಹೆಂಡತಿಗೆ ಫಾರಂ ನೆನಪಾಗಬೇಕು ಅಂತ ಹೇಳುವುದೇ ಕಷ್ಟ. ಡಾ. ರಾಜ್‌ಕುಮಾರ್ 2006ರಲ್ಲಿ ಹೋದಾಗ, ಪುನೀತ್ 2021ರ ಅಕ್ಟೋಬರ್ 29ರಂದು ಹೋದಾಗ, ಅಂಥ ಜನಜಂಗುಳಿಯ ನಡುವೆಯೂ ಮನೆಯವರು ಒಪ್ಪಿದ್ದಕ್ಕೇ ಕಣ್ಣು ಕೊಡೋಕಾಯಿತು. ಪುನೀತ್ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ನೋಟ ಬಂತು, ಕಣ್ಣಿನ ಮುಂಭಾಗದ ಪಾರದರ್ಶಕ ಭಾಗವಾದ ಕಾರ್ನಿಯಾವನ್ನು ಪದರ ಬಿಡಿಸಿ ಹಾಕಿದರು. ಯಾರೇ ಫಾರಂ ತುಂಬಿರಲಿ, ಕೊನೆಗೆ ಒಪ್ಪಬೇಕಾದವರು ಮನೆಯವರೇ.

ಈಗ ಹೀಗೆ ಮಾಡಿ. ನಿಮಗೂ ಮನಸ್ಸಿದ್ದರೆ ನಿಮ್ಮ ಇಷ್ಟವನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ಪಕ್ಕದ ಮನೆಯವರಿಗೂ ಹೇಳಿ, ಯಾಕಂದರೆ ಆ ಹೊತ್ತಿನಲ್ಲಿ ತಲೆ ಓಡುವುದು ಅವರಿಗೇ. ಹತ್ತಿರದ ನೇತ್ರ ಬ್ಯಾಂಕಿನ ನಂಬರ್ ಕ್ಯಾಲೆಂಡರ್ ಪಕ್ಕ ಅಂಟಿಸಿ. ಕೆಳಗೆ ಇಷ್ಟು ಬರೆಯಿರಿ: ಫ್ಯಾನ್ ಆರಿಸಬೇಕು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಗೆ ದಿಂಬು ಕೊಡಬೇಕು, ಕೂಡಲೇ ಫೋನ್ ಮಾಡಬೇಕು. ಕನ್ನಡಕ, ಶುಗರ್, ಬಿಪಿ ಇದ್ದರೂ, ಪೊರೆ ತೆಗೆಸಿದ್ದರೂ ಕೊಡಬಹುದು. ಅವರು ಕೆಲಸ ಮಾಡುತ್ತಿದ್ದ ಗಣೇಶನ ಸಮಿತಿಯವರಿಗೆ ಹೇಳಿದರೆ ಈ ಚೀಟಿಯನ್ನು ಊರಿನ ಎಲ್ಲ ಮನೆಗೂ ಮುಟ್ಟಿಸುತ್ತಾರೆ. ಬೇಕಾದರೆ ಚೀಟಿಯ ಮೇಲೆ ಅವರ ಹೆಸರು ಹಾಕಿಸಿ.