ಬೇಸಿಗೆ ಚಾರಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಏಪ್ರಿಲ್ ಮೊದಲ ವಾರ ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿಯಲ್ಲೇ ಟೆಂಟ್ ಹಾಕಿ ಸೂರ್ಯೋದಯ ನೋಡುವ ಆಸೆ. ಅಡುಗೆಗೆ ಸೌದೆ ಮೇಲೆಯೇ ಸಿಗುತ್ತದೆಯೇ? (ಮೈಸೂರಿನ ಓದುಗರು)

ಉತ್ತರ: ತುದಿಯಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ಸೌದೆಯ ಮಾತಂತೂ ಬೇಡವೇ ಬೇಡ. 1,748 ಮೀಟರ್ ಎತ್ತರದ ಈ ಬೆಟ್ಟದ ಮೇಲ್ಭಾಗವೆಲ್ಲ ಹುಲ್ಲು. ಮಾರ್ಚ್ ಹೊತ್ತಿಗೆ ಒಣಗಿ ನಿಂತಿರುತ್ತದೆ, ಜೊತೆಗೆ ಗಾಳಿ. ಕಿಡಿ ಬಿದ್ದರೆ ಬೆಂಕಿ ಏರಿನ ದಿಕ್ಕಿಗೇ ಧಾವಿಸುತ್ತದೆ, ಅಂದರೆ ನೀವಿರುವ ಕಡೆಗೆ. ಕಾಳ್ಗಿಚ್ಚಿನ ತಿಂಗಳುಗಳಲ್ಲಿ ದಾರಿಯನ್ನೇ ಮುಚ್ಚುವುದೂ ಉಂಟು. ಅನುಮತಿ ಖಚಿತವಾದ ಮೇಲೆ ಬಸ್ ಟಿಕೆಟ್ ತೆಗೆಯಿರಿ.

ಟೆಂಟ್ ಹಾಕಲು ಬೆಟ್ಟದ ಬುಡದ ಕಕ್ಕಬ್ಬೆ ಕಡೆಯ ಹೋಂಸ್ಟೇ ಅಂಗಳ ವಾಸಿ. ಹಲಸಿನ ಮರದ ಹತ್ತಿರ ಮಾತ್ರ ಬೇಡ. ಕಾಯಿ ಬಲಿಯುವ ಕಾಲ, ವಾಸನೆ ಹಿಡಿದು ಆನೆ ತೋಟಕ್ಕೆ ಇಳಿಯುತ್ತದೆ. ಟೆಂಟಿನೊಳಗೆ ಬಾಳೆಹಣ್ಣು, ಬೆಲ್ಲ ಇಡಬೇಡಿ. ಮಾಲೀಕರನ್ನು ‘ಆನೆ ಯಾವ ಕಡೆಯಿಂದ ಬರುತ್ತದೆ?’ ಎಂದೇ ಕೇಳಿ. ಬರುತ್ತದೆಯೇ ಇಲ್ಲವೇ ಎಂದು ಕೇಳುವುದಕ್ಕಿಂತ ಅದು ಉಪಯೋಗದ ಪ್ರಶ್ನೆ.

ಕಾಫಿ ಒಣಗಿಸುವ ಕಣ ಸಮತಟ್ಟಾಗಿ ಕಂಡು ಆಸೆ ಹುಟ್ಟಿಸುತ್ತದೆ, ಆದರೆ ಸಿಮೆಂಟಿನಲ್ಲಿ ಗೂಟ ಇಳಿಯದು. ಅಲ್ಲಿ ಹಗ್ಗವನ್ನು ಮುಷ್ಟಿ ಗಾತ್ರದ ಕಲ್ಲಿಗೆ ಸುತ್ತಿ ನೆಲಕ್ಕಿಡಿ. ಅದರ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೇ ತೆಂಗಿನಕಾಯಿಗಿಂತ ದೊಡ್ಡ ಕಲ್ಲು ಹೇರಿ. ಗಾಳಿ ಎಳೆದಷ್ಟೂ ಚಿಕ್ಕ ಕಲ್ಲು ದೊಡ್ಡದಕ್ಕೆ ಒತ್ತಿಕೊಳ್ಳುತ್ತದೆ. ದೊಡ್ಡ ಕಲ್ಲಿಗೇ ನೇರ ಕಟ್ಟಿದರೆ ಅಂಚಿಗೆ ಉಜ್ಜಿ ಹಗ್ಗ ಸವೆಯುತ್ತದೆ.

ಪ್ರಶ್ನೆ: ಎಷ್ಟು ನೀರು ಒಯ್ಯಬೇಕು? ಎಷ್ಟು ಹೊತ್ತಿಗೆ ಹೊರಡಬೇಕು? (ಹಾಸನದ ಓದುಗರು)

ಉತ್ತರ: ತಲೆಗೆ 3ರಿಂದ 4 ಲೀಟರ್. ಮಳೆಗಾಲದ ಚಿತ್ರ ನೋಡಿ ಹಳ್ಳವನ್ನು ನಂಬಬೇಡಿ, ಈಗ ಅದು ಬತ್ತಿರಬಹುದು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಒಂದು ಬಾಟಲಿಗೆ ಓಆರ್‌ಎಸ್ ಬೆರೆಸಿ. ‘1 ಲೀಟರಿಗೆ’ ಎಂದಿರುವ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿಯುವವರು ಬಹಳ. ಅಷ್ಟು ಗಟ್ಟಿಯಾದರೆ ಬಾಯಾರಿಕೆ ಹೆಚ್ಚುತ್ತದೆ, ವಾಂತಿಯೂ ಆಗಬಹುದು.

ಗೇಟು ತೆರೆದ ಕೂಡಲೇ ಹೊರಟು ಮಧ್ಯಾಹ್ನದೊಳಗೆ ತುದಿ ಬಿಟ್ಟಿರಬೇಕು. ಕಾಫಿ ಹೂ ಅರಳಲೆಂದು ಬೆಳೆಗಾರರು ಕಾಯುವ ಹೂಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗುಡುಗು ಹೊತ್ತು ಬರುತ್ತದೆ, ಬೋಳು ಗುಡ್ಡದಲ್ಲಿ ಎತ್ತರದ ವಸ್ತು ನೀವೇ. ಮಿಂಚಿಗೂ ಗುಡುಗಿಗೂ ನಡುವೆ 3 ಸೆಕೆಂಡ್ ಎಂದರೆ ಸುಮಾರು 1 ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆಯಾದರೆ ಇಳಿಯಲು ಶುರುಮಾಡಿ. ಒಂಟಿ ಮರ, ಬಂಡೆಯ ಸಂದಿ ಎರಡೂ ಆಸರೆಯಲ್ಲ. ಕೊನೆಯ ಗುಡುಗಾದ ಮೇಲೂ 30 ನಿಮಿಷ ಮೇಲಕ್ಕೆ ಹೋಗಬೇಡಿ.

ಪ್ರಶ್ನೆ: ಮಳೆಯೇ ಇರಲಿಲ್ಲ, ಆದರೂ ಬೆಳಿಗ್ಗೆ ಟೆಂಟ್ ಒಳಗೆ ಒದ್ದೆ. ತೂತಾಗಿದೆಯೇ? (ಸೋಮವಾರಪೇಟೆಯ ಓದುಗರು)

ಉತ್ತರ: ಹೊಲಿಗೆಯ ಗೆರೆಯಲ್ಲಷ್ಟೇ ಒದ್ದೆಯಾದರೆ ಸೋರಿಕೆ. ಹೊರಹೊದಿಕೆಯ ಒಳಮೈಯೆಲ್ಲ ಒಂದೇ ಸಮ ಹನಿಗಟ್ಟಿದ್ದರೆ ಅದು ನಿಮ್ಮದೇ ಉಸಿರಿನ ಆವಿ. ಚಳಿಯೆಂದು ಗಾಳಿಕಿಂಡಿ ಮುಚ್ಚಿರುತ್ತೀರಿ, ಅದನ್ನು ತೆರೆಯಿರಿ. ಹೊರಹೊದಿಕೆಯನ್ನು ಬಿಗಿ ಎಳೆದು ಟೆಂಟಿನ ಒಳಪದರಕ್ಕೆ ತಾಗದಂತೆ ನೋಡಿಕೊಳ್ಳಿ. ತೊರೆಯ ಪಕ್ಕದ ತಗ್ಗು ಬಿಡಿ. ರಾತ್ರಿ ತಣ್ಣನೆಯ ಗಾಳಿ ಅಲ್ಲೇ ಇಳಿದು ಕೂರುತ್ತದೆ.

ಪ್ರಶ್ನೆ: ಜಿಗಣೆಗೆ ಉಪ್ಪು ಸಾಕೇ? (ಬೆಂಗಳೂರಿನ ಓದುಗರು)

ಉತ್ತರ: ಮಳೆ ಹಿಡಿಯುವವರೆಗೆ ಜಿಗಣೆ ಕಾಟ ಕಡಿಮೆ. ಈಗ ನೋಡಬೇಕಾದದ್ದು ಉಣ್ಣಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಮಂಡಿಯ ಹಿಂಭಾಗ, ಸೊಂಟ, ಕಂಕುಳು ತಡವಿ ನೋಡಿ. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚೂಪು ಚಿಮಟದಿಂದ ಚರ್ಮಕ್ಕೆ ಅಂಟಿದಲ್ಲೇ ಹಿಡಿದು, ತಿರುಚದೆ ನೇರ ಎಳೆಯಿರಿ, ಸೋಪಿನಲ್ಲಿ ತೊಳೆಯಿರಿ. ಮುಂದಿನ ಎರಡು ವಾರದೊಳಗೆ ಜ್ವರ ಬಂದರೆ ಉಣ್ಣಿ ಕಚ್ಚಿದ್ದನ್ನು ವೈದ್ಯರಿಗೆ ಹೇಳಿ.